ಸೋತ ಹೆಸರಿನ ಭಯ

ಕೇಳುಗರಿಗೆಲ್ಲ ನಮಸ್ಕಾರ.

ಬೇರೆ ದೇಶದ ಯುದ್ಧಕ್ಕೆ ಸೈನಿಕರನ್ನು ಕಳಿಸಿದ ನಾಯಕರು, ಅಲ್ಲಿ ಗೆಲುವು ಕಾಣದಿದ್ದರೂ ಮತ್ತೆ ಮತ್ತೆ ಸೈನಿಕರನ್ನು ಯಾಕೆ ಕಳಿಸುತ್ತಾರೆ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸೋತವನು ಎಂಬ ಹೆಸರು ತಮಗೆ ಬರಬಾರದು ಅಂತ. ಅದೂ ದೂರದ ಆ ದೇಶದಲ್ಲಲ್ಲ, ತಮ್ಮದೇ ನೆಲದಲ್ಲಿ, ತಮಗೆ ಓಟು ಹಾಕುವ ಜನರ ಎದುರಿಗೆ.

ಈ ವಿಷಯ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. "ಪಾಪ, ಅವರಿಗೆ ನಿಜ ಗೊತ್ತಿರಲಿಲ್ಲ, ಸುತ್ತ ಇದ್ದವರು ದಾರಿ ತಪ್ಪಿಸಿದರು" ಅಂತ. ನನ್ನ ವಿದ್ಯಾರ್ಥಿಗಳೂ ಪರೀಕ್ಷೆಯಲ್ಲಿ ಹೀಗೇ ಬರೆಯುತ್ತಿದ್ದರು. ದಯವಿಟ್ಟು ಈ ಮಾತನ್ನು ಬಿಟ್ಟುಬಿಡಿ. ಅವರಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ವಿಯೆಟ್ನಾಂ ಯುದ್ಧವನ್ನೇ ನೋಡೋಣ. ಉತ್ತರ ವಿಯೆಟ್ನಾಮಿನ ಕಮ್ಯುನಿಸ್ಟರ ವಿರುದ್ಧ ದಕ್ಷಿಣ ವಿಯೆಟ್ನಾಮಿನ ಸರ್ಕಾರದ ಬೆನ್ನಿಗೆ ಅಮೆರಿಕ ನಿಂತ ಯುದ್ಧ ಅದು.

1964ರ ಮೇ 27. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್. ಹಿಂದಿನ ಅಧ್ಯಕ್ಷ ಕೆನಡಿ ಕೊಲೆಯಾದ ಮೇಲೆ ಆ ಕುರ್ಚಿಗೆ ಬಂದು ಆರು ತಿಂಗಳಾಗಿದೆ. ನವೆಂಬರಿನಲ್ಲಿ ಚುನಾವಣೆ. ವಿಯೆಟ್ನಾಮಿನಲ್ಲಿ ಆಗ ಇದ್ದದ್ದು ಸುಮಾರು 16,000 ಅಮೆರಿಕನ್ನರು, ಅದೂ ಸಲಹೆಗಾರರು ಎಂಬ ಹೆಸರಿನಲ್ಲಿ. ಜಾನ್ಸನ್ ತಮ್ಮ ಎಷ್ಟೋ ಫೋನ್ ಮಾತುಕತೆಗಳನ್ನು ಗುಟ್ಟಾಗಿ ರೆಕಾರ್ಡ್ ಮಾಡಿಸುತ್ತಿದ್ದರು. ಹಾಗಾಗಿ ಆ ಬೆಳಿಗ್ಗೆ ಅವರು ಆಡಿದ ಮಾತು ಇವತ್ತು ನಮಗೆ ಅವರ ದನಿಯಲ್ಲೇ ಸಿಗುತ್ತದೆ. ನಾನು ಅದನ್ನು ಎಷ್ಟು ಸಲ ಕೇಳಿದ್ದೇನೋ, ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೊದಲು ಫೋನ್ ಮಾಡಿದ್ದು ಸೆನೆಟರ್ ರಿಚರ್ಡ್ ರಸೆಲ್ ಅವರಿಗೆ. ರಸೆಲ್ ಅಂದರೆ ಜಾನ್ಸನ್ ಅವರಿಗೆ ರಾಜಕೀಯದ ಗುರು ಇದ್ದ ಹಾಗೆ. ಸೆನೆಟ್, ಅಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆ, ಅದರ ಸಶಸ್ತ್ರ ಪಡೆಗಳ ಸಮಿತಿಯ ಅಧ್ಯಕ್ಷರೂ ಅವರೇ. ಸೇನೆಯ ಮೇಲೆ ಅಭಿಮಾನ ಕಡಿಮೆ ಇದ್ದವರೇನಲ್ಲ. ವಿಯೆಟ್ನಾಂ ನಮಗೆ ಎಷ್ಟು ಮುಖ್ಯ ಅಂತ ಜಾನ್ಸನ್ ಕೇಳುತ್ತಾರೆ. ಒಂದು ಚೂರೂ ಮುಖ್ಯವಲ್ಲ ಅನ್ನುತ್ತಾರೆ ರಸೆಲ್. ಆಗ ಜಾನ್ಸನ್ ಬಾಯಿಂದ ಬರುವ ಪ್ರಶ್ನೆ ಕೇಳಿ: ಓಡಿಬಂದ ಅಧ್ಯಕ್ಷನನ್ನು ವಾಗ್ದಂಡನೆ ಮಾಡಿ ಕೆಳಗಿಳಿಸುತ್ತಾರೆ, ಅಲ್ವಾ?

ಅದಾಗಿ ಅರ್ಧ ಗಂಟೆಗೆ ಇನ್ನೊಂದು ಫೋನ್, ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಅವರಿಗೆ. ರಾತ್ರಿಯೆಲ್ಲ ಇದೇ ಯೋಚನೆಯಲ್ಲಿ ನಿದ್ದೆ ಬರಲಿಲ್ಲ ಅನ್ನುತ್ತಾರೆ. ಜಾನ್ಸನ್ ಅವರ ಬಟ್ಟೆಬರೆ ತೆಗೆದಿಡಲು, ಕಾಗದಪತ್ರ ತಂದುಕೊಡಲು ಒಬ್ಬ ಸಾರ್ಜೆಂಟ್ ಇದ್ದ. ಆರು ಮಕ್ಕಳ ತಂದೆ. ಆ ಬೆಳಿಗ್ಗೆ ಅವನನ್ನು ನೋಡಿದಾಗ, ಇಂಥವನನ್ನು ನಾನು ಯಾತಕ್ಕಾಗಿ ಅಲ್ಲಿಗೆ ಕಳಿಸಬೇಕು ಅನ್ನಿಸಿತಂತೆ. ವಿಯೆಟ್ನಾಂ ನನಗೇನು, ಈ ದೇಶಕ್ಕೇನು ಅಂತ ಕೇಳುತ್ತಾರೆ. ಇದಕ್ಕಾಗಿ ಹೋರಾಡುವುದರಲ್ಲಿ ಅರ್ಥವಿಲ್ಲ, ಆದರೆ ಹೊರಗೆ ಬರಲೂ ಆಗುವುದಿಲ್ಲ ಅನ್ನುತ್ತಾರೆ.

ಇದು ಗೊತ್ತಿಲ್ಲದವರು ಆಡುವ ಮಾತೇ, ಹೇಳಿ?

ಅವರಿಗಿದ್ದ ಭಯ ಬರೀ ಕಲ್ಪನೆಯಲ್ಲ. 1949ರಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಹೋದಾಗ, ಚೀನಾ ಕಳೆದವರು ಇವರೇ ಅಂತ ಅಧ್ಯಕ್ಷ ಟ್ರೂಮನ್ ಮೇಲೆ ವಿರೋಧಿಗಳು ಮುಗಿಬಿದ್ದಿದ್ದರು. ಅದನ್ನು ಜಾನ್ಸನ್ ಸೆನೆಟಿನಲ್ಲಿ ಕೂತು ಕಣ್ಣಾರೆ ನೋಡಿದ್ದರು. ಬಡವರಿಗೆ, ಮುದುಕರಿಗೆ, ಕಪ್ಪು ಜನರಿಗೆ ದೊಡ್ಡ ದೊಡ್ಡ ಕಾನೂನು ತರುವ ಕನಸು ಅವರಿಗಿತ್ತು. ವಿಯೆಟ್ನಾಂ ಕೈತಪ್ಪಿದರೆ ಕಾಂಗ್ರೆಸ್ಸಿನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ಆ ಕನಸೂ ಮುಗಿಯಿತು ಅಂತ ಅವರ ಲೆಕ್ಕ. 1965ರ ಜುಲೈ 28ರಂದು ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುತ್ತೇವೆ ಅಂತ ಘೋಷಿಸಿದರು. ಎರಡೇ ದಿನ ಬಿಟ್ಟು, ವಯಸ್ಸಾದವರ ಚಿಕಿತ್ಸೆಗಾಗಿ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ನಮ್ಮ ಪಠ್ಯಪುಸ್ತಕಗಳು ಇದನ್ನು ಬೇರೆ ಬೇರೆ ಪಾಠ ಮಾಡಿಬಿಡುತ್ತವೆ.

ಹೇಳುವವರು ಹೇಳಿದ್ದರು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ 1965ರ ಫೆಬ್ರವರಿಯಲ್ಲಿ ಪತ್ರ ಬರೆದರು. ಚುನಾವಣೆಯಲ್ಲಿ ಭಾರಿ ಬಹುಮತ ಬಂದಿದೆ, ಹೊರಗೆ ಬರಲು ಇದಕ್ಕಿಂತ ಸುಲಭದ ವರ್ಷ ಸಿಗುವುದಿಲ್ಲ ಅಂತ. ಅವರನ್ನು ವಿಯೆಟ್ನಾಂ ಚರ್ಚೆಗಳಿಂದಲೇ ದೂರ ಇಟ್ಟರು. ಮರುತಿಂಗಳು ರಕ್ಷಣಾ ಇಲಾಖೆಯ ಜಾನ್ ಮೆಕ್‌ನಾಟನ್ ಒಂದು ಟಿಪ್ಪಣಿ ಬರೆದರು. ನಮ್ಮ ಗುರಿಯಲ್ಲಿ ಶೇಕಡಾ 70ರಷ್ಟು, ಅಮೆರಿಕಕ್ಕೆ ಸೋಲಿನ ಅವಮಾನ ಆಗದಂತೆ ನೋಡುವುದು. ಶೇಕಡಾ 20, ಚೀನಾವನ್ನು ತಡೆಯುವುದು. ದಕ್ಷಿಣ ವಿಯೆಟ್ನಾಮಿನ ಜನರ ಒಳ್ಳೆಯ ಬದುಕಿಗೆ ಉಳಿದದ್ದು ಬರೀ 10. ಗದ್ದೆಯ ಬದುವಿನ ವ್ಯಾಜ್ಯಕ್ಕೆ ಗದ್ದೆಯ ಬೆಲೆಗಿಂತ ಜಾಸ್ತಿ ಸುರಿಯುವವರನ್ನು ನೀವು ನೋಡಿದ್ದೀರಿ. ಮರ್ಯಾದೆ ಪ್ರಶ್ನೆ ಅನ್ನುತ್ತಾರಲ್ಲ, ಅದೇ ಇದು. ಆದರೆ ಇಲ್ಲಿ ಸುರಿದದ್ದು ಬೇರೆಯವರ ಮನೆಯ ಮಕ್ಕಳ ಜೀವ. 1969ರ ಹೊತ್ತಿಗೆ ಅಲ್ಲಿ 5,43,000 ಅಮೆರಿಕನ್ ಸೈನಿಕರಿದ್ದರು. ಒಟ್ಟು ಸತ್ತವರು 58,000ಕ್ಕೂ ಹೆಚ್ಚು. ವಿಯೆಟ್ನಾಮಿನ ಜನ ಸತ್ತದ್ದು ಲಕ್ಷಲಕ್ಷ.

ಸಮಯ ಮುಗಿಯುತ್ತಾ ಬಂತು. ಓಟಿನ ಭಯ ಇಲ್ಲದ ಕಡೆಯೂ ಇದೇ ಕಥೆ ಅಂತ ಹೇಳಲು ಸೋವಿಯತ್ ರಷ್ಯಾದ ಉದಾಹರಣೆ ಇಟ್ಟುಕೊಂಡಿದ್ದೆ. ಚಿಕ್ಕದಾಗಿ ಹೇಳುತ್ತೇನೆ. 1979ರ ಡಿಸೆಂಬರಿನಲ್ಲಿ ಅವರ ಸೇನೆ ಅಫ್ಘಾನಿಸ್ತಾನಕ್ಕೆ ಹೋಯಿತು. 1986ರ ಫೆಬ್ರವರಿಯಲ್ಲಿ ಸೋವಿಯತ್ ನಾಯಕ ಗೋರ್ಬಚೆವ್ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನದಲ್ಲಿ ಅದನ್ನು ರಕ್ತ ಸುರಿಯುವ ಗಾಯ ಅಂತ ಎಲ್ಲರೆದುರು ಕರೆದರು. ಆದರೂ ಓಡಿಹೋದರು ಅನ್ನಿಸಿಕೊಳ್ಳದೆ ಬರುವ ದಾರಿ ಹುಡುಕುತ್ತಾ ಕೂತರು. ಸೇನೆ ಪೂರ್ತಿ ಹೊರಗೆ ಬಂದದ್ದು 1989ರ ಫೆಬ್ರವರಿ 15ಕ್ಕೆ. ಗಾಯ ಅಂತ ಒಪ್ಪಿಕೊಂಡ ಮೇಲೂ ಮೂರು ವರ್ಷ ಹುಡುಗರು ಸಾಯುತ್ತಲೇ ಇದ್ದರು.

ನಮಸ್ಕಾರ.