ಏದುಸಿರು: ದಿನನಿತ್ಯದ ಕೆಲಸ ಹೇಳುವ ಸುಳಿವುಗಳು

ಎಲ್ಲರಿಗೂ ನಮಸ್ಕಾರ. ಬಸ್ಸು ಹಿಡಿಯಲು ಓಡಿದರೆ ಯಾರಿಗಾದರೂ ಏದುಸಿರು ಬರುತ್ತದೆ, ಅದು ರೋಗವಲ್ಲ. ದುಡಿಯುವ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಸೇರಬೇಕು, ಅಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಬೇಕು. ಆದ್ದರಿಂದಲೇ ಸುಮ್ಮನೆ ಕುಳಿತಾಗ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಸಾಕೆನ್ನುವ ದೇಹ, ಕಠಿಣ ಶ್ರಮದಲ್ಲಿ 100 ಲೀಟರಿನವರೆಗೂ ಕೇಳಬಲ್ಲದು. ನಿಂತ ಮೇಲೆ ಕೆಲವೇ ನಿಮಿಷಗಳಲ್ಲಿ ಉಸಿರು ಹತೋಟಿಗೆ ಬಂದರೆ ಸಾಮಾನ್ಯವಾಗಿ ಅಂಜಬೇಕಾಗಿಲ್ಲ. ಕಳೆದ ವರ್ಷ ಸಲೀಸಾಗಿ ಮಾಡುತ್ತಿದ್ದ ಕೆಲಸಕ್ಕೇ ಈ ವರ್ಷ ಉಸಿರು ಸಾಲದಾದರೆ ಮಾತ್ರ ಕಾರಣವನ್ನು ಹುಡುಕಲೇಬೇಕು.

ತೊಡಕೆಂದರೆ, ಈ ಬದಲಾವಣೆ ಎಷ್ಟೋ ಸಲ ರೋಗಿಯ ಗಮನಕ್ಕೇ ಬರುವುದಿಲ್ಲ. ಬಟ್ಟೆ ಒಣಹಾಕಲು ಮಹಡಿಗೆ ಹೋಗುವುದನ್ನು ಬಿಟ್ಟು, ಅಂಗಡಿಗೆ ಮೊಮ್ಮಗನನ್ನು ಕಳುಹಿಸಿ, ದೇವಸ್ಥಾನದ ಮೆಟ್ಟಿಲ ಬುಡದಿಂದಲೇ ಕೈಮುಗಿದು ಬರುವವರು, ವೈದ್ಯರು ಕೇಳಿದಾಗ ‘ನನಗೆ ಏದುಸಿರೇನೂ ಇಲ್ಲ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ; ಉಸಿರು ಕಟ್ಟಿಸುವ ಕೆಲಸವನ್ನೇ ಅವರು ಬಿಟ್ಟಿರುತ್ತಾರೆ. ಹಾಗಾಗಿ ‘ಏದುಸಿರು ಬರುತ್ತದೆಯೇ’ ಎಂಬುದಕ್ಕಿಂತ ‘ಯಾವ ಕೆಲಸ ಬಿಟ್ಟಿರಿ’ ಎಂಬ ಪ್ರಶ್ನೆಯೇ ಮೇಲು ಎಂದು ನನ್ನ ಅಭಿಪ್ರಾಯ.

ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕರ ಶ್ವಾಸಕೋಶಗಳನ್ನು ಅಧ್ಯಯನ ಮಾಡಿದ ಬ್ರಿಟನ್ನಿನ ವೈದ್ಯ ಚಾರ್ಲ್ಸ್ ಫ್ಲೆಚರ್ ಈ ಬಗೆಯ ಪ್ರಶ್ನೆಗಳಿಗೆ ಒಂದು ಕ್ರಮ ತಂದುಕೊಟ್ಟರು. ಅದರಿಂದ ಬೆಳೆದು ಬಂದು ಇಂದು ಬಳಕೆಯಲ್ಲಿರುವ ಮಾಪನದಲ್ಲಿ 0ಯಿಂದ 4ರವರೆಗೆ ಅಂಕಗಳಿವೆ. ಕಠಿಣ ವ್ಯಾಯಾಮದಲ್ಲಷ್ಟೇ ಏದುಸಿರು ಬಂದರೆ 0. ಸಮತಟ್ಟಾದ ದಾರಿಯಲ್ಲಿ ಓರಗೆಯವರಿಗಿಂತ ಹಿಂದೆ ಬೀಳುವವರಿಗೆ 2. ಸುಮಾರು 100 ಮೀಟರ್ ನಡೆದೊಡನೆ ನಿಲ್ಲಬೇಕಾದವರಿಗೆ 3. ಬಟ್ಟೆ ತೊಡುವಾಗಲೂ ಏದುವವರಿಗೆ 4. ಯಾವ ಉಪಕರಣವೂ ಬೇಡದ ಅಳತೆ ಇದು.

ಕಾರಣಗಳಲ್ಲಿ ರಕ್ತಹೀನತೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಅದು ಅಷ್ಟು ವ್ಯಾಪಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಕಡಿಮೆಯಾದಾಗ, ಶ್ವಾಸಕೋಶ ಚೆನ್ನಾಗಿದ್ದರೂ ಸ್ನಾಯುಗಳಿಗೆ ಸರಬರಾಜು ಸಾಲದು, ಹೃದಯ ವೇಗವಾಗಿ ಬಡಿದು ಕೊರತೆ ತುಂಬಲು ಹೆಣಗುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರ್ ಇಲ್ಲಿ ದಾರಿ ತಪ್ಪಿಸಬಹುದು. ಅದು ತೋರಿಸುವುದು ಇರುವ ಹಿಮೋಗ್ಲೋಬಿನ್‌ನ ಎಷ್ಟು ಪಾಲು ಆಮ್ಲಜನಕದಿಂದ ತುಂಬಿದೆ ಎಂಬುದನ್ನೇ ಹೊರತು ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನಲ್ಲ. ಬಸ್ಸುಗಳೆಲ್ಲ ಭರ್ತಿಯಾಗಿ ಓಡುತ್ತಿದ್ದರೂ ಊರಿಗೆ ಬರುವ ಬಸ್ಸುಗಳೇ ಎರಡಾದರೆ ಆಗುವ ಹಾಗೆ. ಆದ್ದರಿಂದ ತೀವ್ರ ರಕ್ತಹೀನತೆಯಲ್ಲೂ ಆಕ್ಸಿಮೀಟರ್ ಶೇ 98 ಎಂಬ ಸಹಜ ಅಂಕಿಯನ್ನೇ ತೋರಿಸಬಲ್ಲದು.

ಹೃದಯ ದುರ್ಬಲವಾದಾಗ ಬರುವ ಏದುಸಿರು ಮಲಗಿದರೆ ಹೆಚ್ಚುತ್ತದೆ. ಒಂದು ದಿಂಬಿದ್ದದ್ದು ಎರಡಾಗುತ್ತದೆ, ಸಂಜೆಗೆ ಪಾದ ಊದುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ರಕ್ತನಾಳ ಕಿರಿದಾದರೂ ಎದೆನೋವು ಕಾಣಿಸದೆ ನಡೆಯುವಾಗಿನ ಏದುಸಿರೊಂದೇ ಲಕ್ಷಣವಾಗಿರಬಹುದು. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಬೀಡಿ ಸೇದಿದವರಿಗೆ ಮಾತ್ರ ಬರುವುದಲ್ಲ, ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಹೊಗೆ ಕುಡಿದ ಹೆಂಗಸರಿಗೂ ಬರುತ್ತದೆ. ಬೊಜ್ಜು, ವ್ಯಾಯಾಮದ ಕೊರತೆ ಇವೂ ಕಾರಣಗಳೇ. ಆದರೆ ಪರೀಕ್ಷೆಗೆ ಮೊದಲೇ ‘ವಯಸ್ಸಾಯಿತು, ದಪ್ಪಗಾದೆ’ ಎಂದು ತೀರ್ಮಾನಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಹಿಮೋಗ್ಲೋಬಿನ್ ಪರೀಕ್ಷೆ, ಇಸಿಜಿ, ಎದೆಯ ಎಕ್ಸ್‌ರೇ, ಊದಿ ನೋಡುವ ಸ್ಪೈರೋಮೆಟ್ರಿ, ಬೇಕಾದರೆ ಹೃದಯದ ಸ್ಕ್ಯಾನ್ ಆದ ಎಕೋ, ಇಷ್ಟರಲ್ಲಿ ಬಹುಪಾಲು ಕಾರಣಗಳ ಜಾಡು ಸಿಗುತ್ತದೆ.

ಕುಳಿತಲ್ಲೇ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಜೊತೆಗೆ ಎದೆ ಬಿಗಿದರೆ, ತುಟಿ ನೀಲಿಗಟ್ಟಿದರೆ ಅಥವಾ ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಿದ್ದರೆ, ಮಾರನೆಯ ದಿನದ ಹೊರರೋಗಿ ಚೀಟಿಗೆ ಕಾಯದೆ ಕೂಡಲೇ 108ಕ್ಕೆ ಕರೆಮಾಡಬೇಕು.