ಲೆಕ್ಕ ಶುರುವಾಗುವುದು ಹೊರಬರುವ ದಾರಿಯಿಂದ: ಗುಹೆ ಡೈವಿಂಗ್‌ಗೆ ರೀಬ್ರೀದರ್ ಆರಿಸುವ ಬಗೆ

ಎಲ್ಲರಿಗೂ ನಮಸ್ಕಾರ.

ಯಾವ ರೀಬ್ರೀದರ್ (ಬಿಟ್ಟ ಉಸಿರನ್ನೇ ಮತ್ತೆ ಬಳಸುವ ಡೈವಿಂಗ್ ಯಂತ್ರ) ತಗೊಳ್ಳಲಿ ಎಂದು ಕೇಳುವವರು ಸಾಮಾನ್ಯವಾಗಿ ನಾಲ್ಕೈದು ಹೆಸರು ಪಟ್ಟಿ ಮಾಡಿಕೊಂಡೇ ಬಂದಿರುತ್ತಾರೆ. ಜೆಜೆ, ರೇವೋ, ಇನ್‌ಸ್ಪಿರೇಷನ್, ಸೈಡ್‌ವೈಂಡರ್. ಆ ಪಟ್ಟಿ ಸದ್ಯ ಜೇಬಿನಲ್ಲೇ ಇರಲಿ. ಯಂತ್ರ ಕೈಕೊಟ್ಟ ಗಳಿಗೆಯಲ್ಲಿ ನೀವು ಎಲ್ಲಿರುತ್ತೀರಿ, ಅಲ್ಲಿಂದ ಹೇಗೆ ಹೊರಬರುತ್ತೀರಿ ಎನ್ನುವುದನ್ನು ಮೊದಲು ಲೆಕ್ಕ ಹಾಕೋಣ. ಆ ಲೆಕ್ಕ ಮುಗಿಯುವಷ್ಟರಲ್ಲಿ ಪಟ್ಟಿಯ ಅರ್ಧ ಹೆಸರು ತಾವಾಗಿಯೇ ಉದುರಿರುತ್ತವೆ.

ಸಾಮಾನ್ಯ ಸ್ಕೂಬಾದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 40 ಮೀಟರ್ ಆಳದಲ್ಲಿ, 5 ಬಾರ್ ಒತ್ತಡದಲ್ಲಿ, ನಿಮಿಷಕ್ಕೆ 100 ಲೀಟರ್ ಗಾಳಿ ಖರ್ಚು ಮಾಡುತ್ತಾರೆ. 200 ಬಾರ್ ತುಂಬಿದ 12 ಲೀಟರ್ ಸಿಲಿಂಡರ್ 24 ನಿಮಿಷಕ್ಕೆ ಖಾಲಿ. ದೇಹಕ್ಕೆ ನಿಜವಾಗಿ ಬೇಕಿರುವ ಆಮ್ಲಜನಕ ಮಾತ್ರ ನಿಮಿಷಕ್ಕೆ ಸುಮಾರು 1 ಲೀಟರ್, ಅದೂ ಯಾವ ಆಳದಲ್ಲಾದರೂ ಅಷ್ಟೇ. ರೀಬ್ರೀದರ್ ಬಿಟ್ಟ ಉಸಿರನ್ನೇ ಸೋಸಿ, ಖರ್ಚಾದಷ್ಟು ಆಮ್ಲಜನಕ ಸೇರಿಸಿ ಮತ್ತೆ ಬಾಯಿಗೆ ಕೊಡುತ್ತದೆ. ಹಾಗಾಗಿ 3 ಲೀಟರಿನ ಪುಟ್ಟ ಸಿಲಿಂಡರಿನಲ್ಲಿರುವ 600 ಲೀಟರ್ ಆಮ್ಲಜನಕ ಗಂಟೆಗಟ್ಟಲೆ ಬರುತ್ತದೆ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮೀನು ನೋಡಿ ಬರುವುದಕ್ಕೆ ಇದರ ಅಗತ್ಯವೇ ಇಲ್ಲ. ಫ್ಲಾರಿಡಾದ ಬುಗ್ಗೆಗಳು, ಮೆಕ್ಸಿಕೋದ ಸಿನೋಟೆಗಳು (ಸುಣ್ಣಕಲ್ಲು ಕುಸಿದು ಆದ ನೀರಿನ ಹೊಂಡಗಳು), ಫ್ರಾನ್ಸಿನ ಲೋಟ್ ಪ್ರದೇಶದ ಗುಹೆಗಳು, ಇಂಥ ಕಡೆ ದೂರ ಹೋಗುವವರಿಗೆ ಬೇಕು.

ಈಗ ಬೇಲ್‌ಔಟ್, ಅಂದರೆ ಯಂತ್ರ ಬಿಟ್ಟು ಸಿಲಿಂಡರಿನ ಗಾಳಿಯಲ್ಲಿ ಹೊರಬರುವ ಲೆಕ್ಕ. ಗುಹೆಯ ಬಾಯಿಯಿಂದ 40 ನಿಮಿಷ ಒಳಗಿದ್ದೀರಿ, ಸರಾಸರಿ ಆಳ 30 ಮೀಟರ್. 20 ಲೀಟರ್, 4 ಬಾರ್, 40 ನಿಮಿಷ: 3,200 ಲೀಟರ್. ಆದರೆ ಬೇಲ್‌ಔಟ್ ಮಾಡುವವರು ನೆಮ್ಮದಿಯಿಂದ ಉಸಿರಾಡುತ್ತಿರುವುದಿಲ್ಲ, ಒಂದೂವರೆ ಪಟ್ಟು ಹಿಡಿಯಿರಿ: 4,800 ಲೀಟರ್. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಸುಮಾರು 2,200 ಲೀಟರ್ ಹಿಡಿಸುತ್ತದೆ. ಎರಡು ಸಾಲದು, ಮೂರು ಬೇಕು. ಡಿಕಂಪ್ರೆಷನ್‌ಗೆ, ಅಂದರೆ ಮೇಲೇರುವಾಗ ಹಂತಹಂತವಾಗಿ ನಿಲ್ಲುವುದಕ್ಕೆ ಬೇಕಾದ ಗ್ಯಾಸ್ ಬೇರೆ. ನೀರಿನಡಿ ಎಳೆದೊಯ್ಯುವ ಸ್ಕೂಟರ್ ಹಿಡಿದು ಒಳಗೆ ಹೋಗಿ ಅದು ಅಲ್ಲೇ ಕೆಟ್ಟರೆ ಆ 40 ನಿಮಿಷವೂ ಸುಳ್ಳು, ಈಜಿಕೊಂಡು ಬರುವ ಸಮಯವನ್ನೇ ಹಿಡಿಯಬೇಕು. ಮೂರು ಸಿಲಿಂಡರ್ ಹೊತ್ತು ನಿಮ್ಮ ಗುಹೆಯ ಅತಿ ಕಿರಿದಾದ ಜಾಗದಲ್ಲಿ ನುಸುಳಲಾಗದಿದ್ದರೆ ಎರಡೇ ದಾರಿ: ಇನ್ನೊಂದು ಪುಟ್ಟ ರೀಬ್ರೀದರನ್ನೇ ಬೇಲ್‌ಔಟ್ ಆಗಿ ಒಯ್ಯುವುದು, ಇಲ್ಲವೇ ಅಷ್ಟು ಒಳಗೆ ಹೋಗದಿರುವುದು. ಮೊದಲ ರೀಬ್ರೀದರ್ ಕೊಳ್ಳುವವರಿಗೆ ಎರಡನೆಯದೇ ಸರಿ.

ಯಂತ್ರ ಬೆನ್ನಿಗಿರಬೇಕೋ ಪಕ್ಕೆಗಿರಬೇಕೋ ಎನ್ನುವುದೂ ಇಲ್ಲೇ ತೀರ್ಮಾನವಾಗುತ್ತದೆ. ಎದೆಯ ಮೇಲೆ ಕೌಂಟರ್‌ಲಂಗ್ (ಬಿಟ್ಟ ಉಸಿರು ತುಂಬಿಕೊಳ್ಳುವ ಚೀಲ) ಇದ್ದರೆ ಉಸಿರಾಟ ಸಲೀಸು, ಆದರೆ ಸಿಲಿಂಡರ್ ಸಿಕ್ಕಿಸುವ ಜಾಗವೆಲ್ಲ ಅದಕ್ಕೇ ಹೋಗುತ್ತದೆ. ಬೆನ್ನಿನ ಕೌಂಟರ್‌ಲಂಗ್ ಎದೆಯನ್ನು ಖಾಲಿ ಬಿಡುತ್ತದೆ. ಮಟ್ಟಸವಾಗಿ ಈಜುವಾಗ ಉಸಿರು ಎಳೆಯುವುದು ಮಾತ್ರ ತುಸು ಭಾರ. ಸೈಡ್‌ಮೌಂಟ್, ಅಂದರೆ ಪಕ್ಕೆಗೆ ಕಟ್ಟುವ ಯಂತ್ರ, ಇಕ್ಕಟ್ಟಿಗೆ ಒಳ್ಳೆಯದು. ಆದರೆ ದೇಹ ಹೊರಳಿದಂತೆ ಉಸಿರಾಟದ ಶ್ರಮವೂ ಬದಲಾಗುತ್ತದೆ. ಹಾಗಾಗಿ ಅದನ್ನು ಮೊದಲ ಯಂತ್ರವಾಗಿ ಶಿಫಾರಸು ಮಾಡುವುದಿಲ್ಲ.

ಉಸಿರಾಟದ ಶ್ರಮ ಸೌಕರ್ಯದ ವಿಷಯವಲ್ಲ. ದಟ್ಟವಾದ ಗ್ಯಾಸನ್ನು ಎಳೆದು ಬಿಡುವುದು ಕಷ್ಟವಾದಂತೆ ಇಂಗಾಲದ ಡೈಆಕ್ಸೈಡ್ ದೇಹದಲ್ಲೇ ಉಳಿಯುತ್ತದೆ, ಅದನ್ನು ಸೋಸುವ ಡಬ್ಬಿ, ಅಂದರೆ ಸ್ಕ್ರಬ್ಬರ್, ಎಷ್ಟೇ ಚೆನ್ನಾಗಿದ್ದರೂ. ಗ್ಯಾಸಿನ ಸಾಂದ್ರತೆಯನ್ನು ಲೀಟರಿಗೆ 5.2 ಗ್ರಾಂ ಒಳಗೆ ಇಟ್ಟುಕೊಳ್ಳಿ, 6.2 ದಾಟಬೇಡಿ ಎಂಬುದು ಈಗ ಒಪ್ಪಿತವಾದ ಮಿತಿ. ಗಾಳಿಯನ್ನೇ ಡೈಲ್ಯೂಯೆಂಟ್ (ಆಮ್ಲಜನಕದ ಜೊತೆ ಬೆರೆಸುವ ಗ್ಯಾಸ್) ಮಾಡಿಕೊಂಡರೆ 30 ಮೀಟರಿಗೇ 5.2 ತಲುಪುತ್ತೀರಿ. 18 ಭಾಗ ಆಮ್ಲಜನಕ, 45 ಭಾಗ ಹೀಲಿಯಂ ಇರುವ ಟ್ರೈಮಿಕ್ಸ್ 50 ಮೀಟರಿನಲ್ಲೂ 5ರ ಒಳಗಿರುತ್ತದೆ. 2005ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಬುಷ್‌ಮನ್ಸ್ ಹೋಲ್‌ನಲ್ಲಿ, ಸುಮಾರು 270 ಮೀಟರ್ ಆಳದಲ್ಲಿ, ರೀಬ್ರೀದರ್ ಡೈವರ್ ಡೇವಿಡ್ ಶಾ ತೀರಿಕೊಂಡದ್ದು ಹೀಗೆಯೇ: ದಟ್ಟ ಗ್ಯಾಸ್, ಮೈಮುರಿಯುವ ಕೆಲಸ, ಏರುತ್ತ ಹೋದ ಉಸಿರು. ಈ ಸ್ಥಿತಿಗೆ ಬಂದವರಿಗೆ ಒಂದು ಮೌತ್‌ಪೀಸ್ ತೆಗೆದು ಇನ್ನೊಂದು ಕಚ್ಚುವುದೂ ಆಗುವುದಿಲ್ಲ. ಬಾಯಿಯಲ್ಲಿರುವುದನ್ನೇ ತಿರುಗಿಸಿದರೆ ಸಿಲಿಂಡರಿಗೆ ಬದಲಾಗುವ ಬೇಲ್‌ಔಟ್ ವಾಲ್ವ್‌ಗೆ ಅದಕ್ಕೇ ಅಷ್ಟು ಬೆಲೆ. ದುಡ್ಡು ಉಳಿಸಬೇಕಿದ್ದರೆ ಬೇರೆಲ್ಲಾದರೂ ಉಳಿಸಿ.

ಸ್ಕ್ರಬ್ಬರಿನ ಅವಧಿ ಓದುವಾಗ ಪರೀಕ್ಷೆ ಎಷ್ಟು ತಣ್ಣನೆಯ ನೀರಿನಲ್ಲಿ ಆಯಿತು ಎಂದು ನೋಡಿ. ಯುರೋಪಿನ ಇಎನ್ 14143 ಮಾನದಂಡದ ಪರೀಕ್ಷೆ 4 ಡಿಗ್ರಿ ನೀರಿನಲ್ಲಿ, ನಿಮಿಷಕ್ಕೆ 1.6 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಟ್ಟು ನಡೆಯುತ್ತದೆ. ಡಬ್ಬಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರುವ ಸೋಡಾ ಲೈಮಿನ ಕ್ರಿಯೆಗೆ ಬಿಸಿಯೂ ತೇವವೂ ಬೇಕು, ಹಾಗಾಗಿ 25 ಡಿಗ್ರಿಯ ಸಿನೋಟೆಯಲ್ಲಿ ಅದೇ ಡಬ್ಬಿ ಹೆಚ್ಚು ಹೊತ್ತು ಬರುತ್ತದೆ. ಹಾಗೆಂದು ತಯಾರಕರು ಹೇಳಿದ ಅವಧಿ ಮೀರಬೇಡಿ. ತುಂಬುವಾಗ ಅಕ್ಕಿ ಡಬ್ಬಿ ತಟ್ಟಿದ ಹಾಗೆ ಸುತ್ತಲೂ ತಟ್ಟುತ್ತ, ಸ್ವಲ್ಪಸ್ವಲ್ಪವೇ ಹಾಕಿ. ಎಲ್ಲೋ ಒಂದು ಕಡೆ ಸಡಿಲ ಉಳಿದರೆ ಗ್ಯಾಸ್ ಅಲ್ಲೇ ದಾರಿ ಮಾಡಿಕೊಂಡು ಸೋಸದೆ ಹೊರಬರುತ್ತದೆ. ಆಸ್ಪತ್ರೆಗಳಿಗೆ ಬರುವ ಅರಿವಳಿಕೆಯ ಸೋಡಾ ಲೈಮ್ ಬೇಡ. ಅದರ ಕಾಳು ದಪ್ಪ, ಡೈವಿಂಗಿಗೆ ಬೇಕಾದದ್ದು 1ರಿಂದ 2.5 ಮಿಲಿಮೀಟರಿನದು.

ಆಮ್ಲಜನಕದ ಸೆಲ್‌ಗಳ (ಉಸಿರಾಡುವ ಗ್ಯಾಸಿನಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ, ಸಾಮಾನ್ಯವಾಗಿ ಮೂರು ಇರುವ ಸಂವೇದಕಗಳು) ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿ ನಮ್ಮ ಊರೇ ಅಡ್ಡ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ವಾಯುವಿನ ಒತ್ತಡ ಸುಮಾರು 0.91 ಬಾರ್. ಶುದ್ಧ ಆಮ್ಲಜನಕ ತುಂಬಿಸಿದರೂ ಇಲ್ಲಿ ಸೆಲ್‌ಗೆ ಸಿಗುವ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಆಮ್ಲಜನಕದ ಪಾಲು, 0.91 ಮಾತ್ರ. ನಿಯಂತ್ರಕ ಸಮುದ್ರಮಟ್ಟವೆಂದೇ ತಿಳಿದು ಅದನ್ನು 1.0 ಎಂದು ಬರೆದುಕೊಂಡರೆ, ನೀರಿನಡಿ ಅದು 1.3 ತೋರಿಸುವಾಗ ನೀವು ಉಸಿರಾಡುತ್ತಿರುವುದು 1.18. ಡಿಕಂಪ್ರೆಷನ್ ಲೆಕ್ಕವೆಲ್ಲ ಅಷ್ಟರಮಟ್ಟಿಗೆ ತಪ್ಪು, ತಪ್ಪಿರುವುದೂ ಅಪಾಯದ ಕಡೆಗೇ. ಇಲ್ಲಿ ಹೀಗೆ ಕ್ಯಾಲಿಬ್ರೇಟ್ ಮಾಡಿ ಕರಾವಳಿಗೆ ಒಯ್ದರೂ ತಪ್ಪು ಜೊತೆಗೇ ಬರುತ್ತದೆ. ವಾಯುಭಾರವನ್ನು ತಾನೇ ಅಳೆಯುವ, ಇಲ್ಲವೇ ಕೈಯಿಂದ ನಮೂದಿಸಲು ಬಿಡುವ ನಿಯಂತ್ರಕವನ್ನೇ ಆರಿಸಿ.

ಸೆಲ್‌ಗಳು ತೋರಿಸುವ ಮಿಲಿವೋಲ್ಟ್‌ಗಳನ್ನು ಪ್ರತಿ ಸಲವೂ ಬರೆದಿಡಿ. ಇಲ್ಲಿನ ಗಾಳಿಯಲ್ಲಿ 9.1 ತೋರಿಸಿದ ಸೆಲ್ ಶುದ್ಧ ಆಮ್ಲಜನಕದಲ್ಲಿ 43.5ರ ಆಸುಪಾಸು ಬರಬೇಕು. 40ಕ್ಕೇ ನಿಂತರೆ ಕಸಕ್ಕೆ ಹಾಕಿ. ಆದರೆ ಈ ಪರೀಕ್ಷೆ ಪಾಸಾದ ಮಾತ್ರಕ್ಕೆ ನಂಬುವಂತಿಲ್ಲ: ಹಳೆಯ ಸೆಲ್ 1.0ರವರೆಗೆ ಸರಿಯಾಗಿ ತೋರಿಸಿ 1.2ರಲ್ಲಿ ಮೇಲಕ್ಕೇರದೆ ನಿಂತುಬಿಡಬಹುದು. ಆಗ ಸೊಲೆನಾಯ್ಡ್ (ಆಮ್ಲಜನಕ ಬಿಡುವ ವಿದ್ಯುತ್ ವಾಲ್ವ್) ಗುರಿಯಾದ 1.3 ಮುಟ್ಟಲೆಂದು ಆಮ್ಲಜನಕ ಸುರಿಯುತ್ತಲೇ ಇರುತ್ತದೆ. ಒಟ್ಟಿಗೆ ಕೊಂಡ ಎರಡು ಸೆಲ್ ಒಟ್ಟಿಗೇ ಹೀಗಾದರೆ ಬಹುಮತದ ಲೆಕ್ಕದಲ್ಲಿ ಸರಿಯಿರುವ ಮೂರನೆಯದೇ ಸುಳ್ಳಾಗುತ್ತದೆ, ಕೊನೆಗೆ ಆಮ್ಲಜನಕ ಮಿತಿಮೀರಿ ಫಿಟ್ಸ್. ಸಮುದ್ರದಲ್ಲಿ 6 ಮೀಟರಿಗೆ ಇಳಿದು ಆಮ್ಲಜನಕದಿಂದ ಲೂಪ್ (ಉಸಿರು ಸುತ್ತುವ ಕೊಳವೆ-ಚೀಲಗಳ ದಾರಿ) ತೊಳೆದರೆ 1.6ರ ಹತ್ತಿರ ಕಾಣಬೇಕು. 3 ಮೀಟರಿನ ಈಜುಕೊಳದಲ್ಲಿ ನಮಗೆ 1.2 ದಾಟಲಾಗದು, ಹಾಗಾಗಿ ಸೆಲ್ ಪರೀಕ್ಷಿಸುವ ಒತ್ತಡದ ಡಬ್ಬಿ ಒಂದನ್ನು ನಾಲ್ಕು ಜನ ಸೇರಿ ಕೊಂಡಿಟ್ಟುಕೊಳ್ಳಿ. ಆಳದಲ್ಲಿ ಅನುಮಾನ ಬಂದರೆ ಡೈಲ್ಯೂಯೆಂಟ್‌ನಿಂದ ತೊಳೆಯಿರಿ: ಗಾಳಿ ಇದ್ದರೆ 30 ಮೀಟರಿನಲ್ಲಿ 0.84 ಬರಲೇಬೇಕು. ಯಾವ ಸೆಲ್ ಅದನ್ನು ತೋರಿಸುವುದಿಲ್ಲವೋ ಅದನ್ನು ನಂಬಬೇಡಿ.

ಆಮ್ಲಜನಕವನ್ನು ಯಂತ್ರವೇ ಸೇರಿಸುವ ಎಲೆಕ್ಟ್ರಾನಿಕ್ಕೋ, ಕೈಯಿಂದ ನಾವೇ ಹೊಂದಿಸುವ ಮ್ಯಾನ್ಯುಯಲ್ಲೋ ಎಂಬ ಜಗಳ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಸಣ್ಣ ರಂಧ್ರದಿಂದ ಸತತವಾಗಿ ಆಮ್ಲಜನಕ ಬಿಡುವ ಮ್ಯಾನ್ಯುಯಲ್ ಯಂತ್ರಕ್ಕೆ ಆಳದ ಮಿತಿ ಇದೆ: ಸಿಲಿಂಡರಿನ ಒತ್ತಡವನ್ನು ರೆಗ್ಯುಲೇಟರ್ ಇಳಿಸಿ ಕೊಡುವ ಮಧ್ಯಮ ಒತ್ತಡ ಒಟ್ಟು 10 ಬಾರ್‌ಗೆ ಸ್ಥಿರವಾಗಿದ್ದರೆ 90 ಮೀಟರಿನಲ್ಲಿ ಹರಿವೇ ನಿಂತುಹೋಗುತ್ತದೆ. ಎರಡರಲ್ಲೂ ಪರದೆ ನೋಡುವುದು ನಿಮ್ಮದೇ ಕೆಲಸ.

ಇನ್ನು ಕೊಳ್ಳುವ ವಿಷಯ. ಹೊರದೇಶದಿಂದ ಸಿಲಿಂಡರ್ ತರಿಸಲು ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೋದ ಅನುಮತಿ ಬೇಕು. ಹೋದ ಊರಿನಲ್ಲಿ ಬಾಡಿಗೆಗೆ ಸಿಗುವ ಅಳತೆಯ ಸಿಲಿಂಡರ್ ಕೂರುವ ಯಂತ್ರವಾದರೆ ಆ ತಲೆನೋವೇ ಇಲ್ಲ. ಸೋಡಾ ಲೈಮಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಶೇ. 4 ಮೀರದಿದ್ದರೆ ವಿಮಾನದಲ್ಲಿ ಅಪಾಯಕಾರಿ ಸರಕಲ್ಲ. ಹಾಗೆಂದು ತಿಳಿಸುವ ದಾಖಲೆಯ ಪ್ರತಿ ಚೀಲದಲ್ಲೇ ಇರಲಿ, ಇದ್ದರೂ ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ. ಸೆಲ್ ತರಿಸುವಾಗ ತಯಾರಾದ ತಿಂಗಳು ನೋಡಿ. ಅದರ ವಯಸ್ಸು ಕಾರ್ಖಾನೆಯಿಂದಲೇ ಶುರುವಾಗಿರುತ್ತದೆ. ಮೂರನ್ನೂ ಒಂದೇ ಸಲ ಬದಲಿಸದೆ ನಾಲ್ಕು ತಿಂಗಳಿಗೊಂದರಂತೆ ಬದಲಿಸಿದರೆ ಯಾವುದೂ ಬಳಕೆಯಲ್ಲಿ ವರ್ಷ ದಾಟುವುದಿಲ್ಲ, ಮೂರೂ ಒಂದೇ ಬ್ಯಾಚಿನವೂ ಆಗಿರುವುದಿಲ್ಲ.

ಈಗ ಜೇಬಿನ ಪಟ್ಟಿ ತೆಗೆಯಬಹುದು. ಪ್ರಶ್ನೆಗಳಿದ್ದರೆ ಕೇಳಿ.