ಶ್ರವಣಬೆಳಗೊಳದ ಗುಂಡುಗಳನ್ನು ಹಿಮನದಿ ತಂದಿಟ್ಟಿತಾ?

[ದೃಶ್ಯ: ದೊಡ್ಡಬೆಟ್ಟದ ಮೆಟ್ಟಿಲು, ಬರಿಗಾಲು]

ನಮಸ್ಕಾರ. ಏಪ್ರಿಲ್ ತಿಂಗಳು, ಮಟಮಟ ಮಧ್ಯಾಹ್ನ, ಶ್ರವಣಬೆಳಗೊಳ. ಚಪ್ಪಲಿ ಕೆಳಗೆ ಬಿಟ್ಟಾಗಿದೆ. ಬಂಡೆ ಕಾದ ಕಾವಲಿ ಆಗಿದೆ. ಮೆಟ್ಟಿಲು ಮೆಟ್ಟಿಲಿಗೂ ನಾನು ಕುಣಿಯುತ್ತಿದ್ದರೆ, ಹಿಂದಿನಿಂದ ಅಕ್ಕನ ಮಗ ಕೇಳಿದ: "ಮಾಮ, ಇಷ್ಟು ದೊಡ್ಡ ಗುಂಡುಕಲ್ಲನ್ನ ಇಲ್ಲಿಗೆ ತಂದಿಟ್ಟಿದ್ದು ಹಿಮನದಿನಾ?"

ಅಂಗಾಲು ಸುಡುವಾಗ ಹಿಮನದಿಯ ಮಾತು! ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ನಕ್ಕಿದ್ದು ತಪ್ಪು ಅನ್ನಿಸಿತು. ನುಣ್ಣನೆಯ ಬೋಳು ಬಂಡೆ, ಅದರ ಮೇಲೆ ಯಾರೋ ಇಟ್ಟು ಮರೆತುಹೋದಂಥ ಒಂಟಿ ಗುಂಡು. ಕೆನಡಾದಲ್ಲಿ ಇಂಥದ್ದು ಕಂಡರೆ ಭೂವಿಜ್ಞಾನಿಗೂ ಮೊದಲು ಬರುವ ಅನುಮಾನ ಅದೇ.

ಬೇಸಿಕ್ ಬೇಗ ಮುಗಿಸೋಣ. ಹಿಮ ಬೀಳುತ್ತದೆ, ಬೇಸಿಗೆಯಲ್ಲಿ ಪೂರ್ತಿ ಕರಗುವುದಿಲ್ಲ, ಅದರ ಮೇಲೆ ಮತ್ತೆ ಬೀಳುತ್ತದೆ. ತಂಬಿಟ್ಟಿನ ಹಿಟ್ಟನ್ನು ಮುಷ್ಟಿಯಲ್ಲಿ ಅದುಮಿದ ಹಾಗೆ ಅಡಿಯ ಹಿಮ ಬಿಗಿಯಾಗಿ ಮಂಜುಗಡ್ಡೆ ಆಗುತ್ತದೆ. ಹತ್ತಾರು ಮೀಟರ್ ದಪ್ಪವಾದ ಮೇಲೆ ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಹರಿಯುತ್ತದೆ. ಅದೇ ಹಿಮನದಿ. ಕರಗಿ ಅಲ್ಲ, ಗಟ್ಟಿಯಾಗಿದ್ದುಕೊಂಡೇ. ಅಡಿಯಲ್ಲಿ ನೀರಿನ ಪಸೆ ಇದ್ದರೆ ಜಾರುತ್ತದೆ ಕೂಡ.

ಈಗ ನನ್ನ ಮೆಚ್ಚಿನ ಕಥೆ. ಇದನ್ನು ಶುರುಮಾಡಿದರೆ ನಮ್ಮ ಮನೆಯವರು ಎದ್ದು ಹೋಗುತ್ತಾರೆ. ನೀವು ಕೂತಿರಿ.

[ದೃಶ್ಯ: ಆಲ್ಪ್ಸ್ ನಕ್ಷೆ]

1820. ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರ ಹತ್ತುತ್ತಿದ್ದ ತಂಡದ ಮೇಲೆ ಹಿಮ ಜರಿದು ಮೂವರು ಗೈಡ್‌ಗಳು ಹಿಮನದಿಯ ಬಿರುಕಿನೊಳಗೆ ಹೂತುಹೋದರು. ಹೆಣ ಸಿಗಲಿಲ್ಲ. 1842ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಫೋರ್ಬ್ಸ್ ಅದೇ ಬೆಟ್ಟಸಾಲಿನ ಇನ್ನೊಂದು ಹಿಮನದಿ ಎಷ್ಟೆಷ್ಟು ಸರಿಯುತ್ತದೆ ಅಂತ ಅಳೆಯಲು ಕೂತರು. ಮುಂದೆ ಲೆಕ್ಕ ಹಾಕಿ, ದುರಂತ ನಡೆದ ಸುಮಾರು 40 ವರ್ಷಕ್ಕೆ ಆ ಮೂವರು ಕೆಳಗೆ ಬರಬೇಕು ಅಂದರು. 1861. ಬೋಸೊನ್ ಹಿಮನದಿಯ ಕೆಳತುದಿಯಲ್ಲಿ ಮೂಳೆ, ಬಟ್ಟೆ, ಸಾಮಾನು ಒಂದೊಂದಾಗಿ ಹೊರಬಂದವು. ಅಂದು ಬದುಕಿ ಉಳಿದಿದ್ದ ಗೈಡ್, ಈಗ ಮುದುಕ, ಬಂದು ನೋಡಿ ಗುರುತು ಹಿಡಿದರು.

ಮೇಲೆ ಏನು ಬಿದ್ದರೂ ಹಿಮನದಿ ಕೆಳಗೆ ತಂದು ಒಪ್ಪಿಸುತ್ತದೆ. ಬಂಡೆಯನ್ನೂ ಬಿಡುವುದಿಲ್ಲ. ಕೆನಡಾದ ಕ್ಯಾಲ್ಗರಿ ಹತ್ತಿರ ಓಕೊಟೋಕ್ಸ್ ಅನ್ನುವಲ್ಲಿ ಬಟ್ಟಬಯಲಿನ ನಡುವೆ ಸುಮಾರು 16,500 ಟನ್ ತೂಕದ ಬಂಡೆ ಕೂತಿದೆ. ಆ ನೆಲದ ಕಲ್ಲೇ ಬೇರೆ, ಅದೇ ಬೇರೆ. ರಾಕಿ ಪರ್ವತದಿಂದ ಮಂಜಿನ ಬೆನ್ನೇರಿ ನೂರಾರು ಕಿಲೋಮೀಟರ್ ಬಂದದ್ದು.

ಹಾಗಾದರೆ ಕೇಳಬೇಕಾದ್ದು, ನಮ್ಮ ಗುಂಡು ಈ ಊರಿನದ್ದಾ, ಪರವೂರಿನದ್ದಾ? ಬೆಳಗೊಳದ ಗುಂಡೂ ಗ್ರಾನೈಟ್, ಅಡಿಯ ಬೆಟ್ಟವೂ ಅದೇ ಗ್ರಾನೈಟ್. 981ರ ಸುಮಾರಿಗೆ 58 ಅಡಿಯ ಗೊಮ್ಮಟನನ್ನು ಕಡೆದದ್ದೂ ಬೆಟ್ಟದ ಕಲ್ಲಿನಲ್ಲೇ. ಯಾರೂ ಏನನ್ನೂ ಹೊತ್ತು ತಂದಿಲ್ಲ.

ಮತ್ತೆ ಗುಂಡಗೆ ಹೇಗಾಯಿತು? ಮಳೆಗಾಲದಲ್ಲಿ ಅಚ್ಚು ಬೆಲ್ಲವನ್ನು ಡಬ್ಬಿಯ ಹೊರಗೆ ಬಿಟ್ಟು ನೋಡಿ. ಮೊದಲು ಮೂಲೆಗಳು ಕರಗುತ್ತವೆ. ಮೂಲೆಗೆ ಮೂರು ಕಡೆಯಿಂದ ತೇವ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಚೌಕದ ಬೆಲ್ಲ ತಾನಾಗಿ ಉಂಡೆ ಆಗುತ್ತದೆ. ನೆಲದೊಳಗೆ ಬಿರುಕು ಬಿಟ್ಟ ಗ್ರಾನೈಟಿಗೆ ಮಳೆನೀರು ಮಾಡುವುದೂ ಇದನ್ನೇ, ಏನು ಲಕ್ಷಾಂತರ ವರ್ಷ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಆಮೇಲೆ ಸುತ್ತಲಿನ ಪುಡಿಮಣ್ಣು ಕೊಚ್ಚಿಹೋಗಿ ಉಂಡೆ ಮಾತ್ರ ಮೇಲೆ ಉಳಿಯುತ್ತದೆ. ಬೋಳು ಬಂಡೆಯ ನುಣುಪೂ ಅಷ್ಟೇ, ಕಲ್ಲು ಈರುಳ್ಳಿಯ ಹಾಗೆ ಪದರ ಪದರವಾಗಿ ಏಳುವುದರಿಂದ ಬಂದದ್ದು.

ಹಿಮನದಿ ಉಜ್ಜಿದ್ದರೆ ಗೀರು ಇರಬೇಕಿತ್ತು. ಮಂಜು ಮೆದು, ಗೀರುವುದು ಅದರ ಅಡಿಗೆ ಸಿಕ್ಕಿಕೊಂಡ ಕಲ್ಲು. ಕಿಲೋಮೀಟರ್ ಉದ್ದದ ಸ್ಯಾಂಡ್‌ಪೇಪರ್ ಅಂದುಕೊಳ್ಳಿ. ಎಲ್ಲ ಗೀರೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ.

ಟೈಮ್ ಆಯ್ತು ಅಂತ ಕ್ಯಾಮೆರಾ ಹಿಂದಿನವರು ಕೈ ತೋರಿಸುತ್ತಿದ್ದಾರೆ. ಕಣಿವೆಯ ಆಕಾರ, ಮಂಜು ಗುಡ್ಡೆಹಾಕಿದ ಕಲ್ಲುಮಣ್ಣು, ಅವೆಲ್ಲ ಇನ್ನೊಮ್ಮೆ. ಮುಳ್ಳಯ್ಯನಗಿರಿಯಂಥ ಎತ್ತರದಲ್ಲಾದರೂ ಹಿಮ ನಿಲ್ಲುತ್ತದಾ ಅನ್ನುವವರಿಗೆ ಒಂದೇ ಮಾತು: ಎತ್ತರ ಸುಮಾರು 1,930 ಮೀಟರ್. ಸಮಭಾಜಕದ ಕಡೆ ಹಿಮ ವರ್ಷಪೂರ್ತಿ ನಿಲ್ಲಲು 5,000 ಮೀಟರ್ ಹತ್ತಿರ ಬೇಕು. ಚಳಿಗಾಲದಲ್ಲಿ ಅಲ್ಲಿ ನಿಮ್ಮ ಹಲ್ಲು ಕಟಕಟ ಅಂದರೆ ಅದು ಗಾಳಿಯ ಕೆಲಸ.

ಆದರೂ ಹುಡುಗನಿಗೆ ಅರ್ಧ ಮಾರ್ಕ್ಸ್ ಕೊಡಲೇಬೇಕು. ಸುಮಾರು 30 ಕೋಟಿ ವರ್ಷದ ಹಿಂದೆ ಭಾರತ, ಆಫ್ರಿಕಾ, ಅಂಟಾರ್ಕ್ಟಿಕಾ ಒಟ್ಟಿಗಿದ್ದಾಗ ನಮ್ಮ ದೇಶದ ಒಂದಷ್ಟು ಭಾಗ ನಿಜಕ್ಕೂ ಮಂಜಿನಡಿ ಇತ್ತು. ಒಡಿಶಾದ ತಾಲ್ಚೇರ್‌ನಲ್ಲಿ ಆ ಮಂಜು ಬಿಟ್ಟುಹೋದ ಗುಂಡುಗಳ ಪದರ ಇದೆ. ಇದು ಹಿಮದ ಕೆಲಸ ಅಂತ 1856ರಲ್ಲೇ ಭೂವಿಜ್ಞಾನಿಗಳು ಬರೆದರು. ಇವತ್ತು ಅದು ಬೇಸಿಗೆಯಲ್ಲಿ ಬೆಂಕಿ ಸುರಿಯುವ ಕಲ್ಲಿದ್ದಲಿನ ಊರು.

ಇದನ್ನೆಲ್ಲ ಫೋನಿನಲ್ಲಿ ಅವನಿಗೆ ಹೇಳಿದೆ. ಎರಡು ಕ್ಷಣ ಸುಮ್ನಿದ್ದು ಕೇಳಿದ: "ಅಲ್ಲೂ ಚಪ್ಪಲಿ ಬಿಡಬೇಕಾ, ಮಾಮ?"